ತೊಂಬತ್ತನಾಲ್ಕು ತದ್ರೂಪಿಗಳು, ಒಂದೇ ಬಾಲ್ಯ: ‘ದ ಬಾಯ್ಸ್ ಫ್ರಂ ಬ್ರೆಜಿಲ್’ ಕಾದಂಬರಿಯ ವಿಮರ್ಶೆ

ಮಹಾನ್ ಆಟಗಾರನೊಬ್ಬನ ಜೀವಕೋಶವನ್ನು ಗುಟ್ಟಾಗಿ ತೆಗೆದಿಟ್ಟು, ಅದರಿಂದ ಅವನ ತದ್ರೂಪಿಯನ್ನು ಹುಟ್ಟಿಸಿ, ಇಪ್ಪತ್ತು ವರ್ಷಗಳ ನಂತರ ಅದೇ ಆಟವನ್ನು ಮತ್ತೆ ಅಂಗಳಕ್ಕೆ ಇಳಿಸುವ ಸಂಚು ಥ್ರಿಲ್ಲರ್ ಕಾದಂಬರಿಗೆ ಹೇಳಿ ಮಾಡಿಸಿದ ವಸ್ತು. ಹಣ, ಅಭಿಮಾನ, ದುರಾಸೆ, ವಿಜ್ಞಾನ ಎಲ್ಲವೂ ಅದರೊಳಕ್ಕೆ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಆದರೆ ಇದರಲ್ಲಿ ಒಂದು ಅಪಾಯವೂ ಉಂಟು. ತದ್ರೂಪಿ ಹುಟ್ಟಿದ ಕೂಡಲೇ ಪ್ರತಿಭೆಯೂ ಹುಟ್ಟಿತೆಂದು ಲೇಖಕ ನಂಬಿಬಿಟ್ಟರೆ ಕಥೆ ಅಲ್ಲಿಗೇ ಮುಗಿದುಹೋಗಿ, ಮುಂದಿನ ಪುಟಗಳಲ್ಲಿ ಓಡುವುದು ಮತ್ತು ಅಟ್ಟಿಸಿಕೊಂಡು ಹೋಗುವುದು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಆ ಅಪಾಯವನ್ನು ಮೊದಲೇ ಕಂಡು, ಅದನ್ನೇ ಕಥೆಯ ಚಾಲಕಶಕ್ತಿಯನ್ನಾಗಿ ಮಾಡಿಕೊಂಡ ಕೃತಿ ಅಮೆರಿಕದ ಐರಾ ಲೆವಿನ್ 1976ರಲ್ಲಿ ಪ್ರಕಟಿಸಿದ ‘ದ ಬಾಯ್ಸ್ ಫ್ರಂ ಬ್ರೆಜಿಲ್’. ಅದರಲ್ಲಿ ತದ್ರೂಪಿಯಾಗುವವನು ಆಟಗಾರನಲ್ಲ, ಹಿಟ್ಲರ್. ಆದರೂ ಕ್ರೀಡಾ ದಂತಕತೆಯೊಬ್ಬನನ್ನು ಮತ್ತೆ ಹುಟ್ಟಿಸುವ ಕಥೆಯನ್ನು ಬರೆಯಲು ಅಥವಾ ಓದಲು ಹೊರಟವರು ಮೊದಲು ಕೈಗೆತ್ತಿಕೊಳ್ಳಬೇಕಾದ ಪುಸ್ತಕ ಇದೇ ಎಂಬುದು ನನ್ನ ಅಭಿಪ್ರಾಯ. ಈ ವಿಮರ್ಶೆಯನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಹಿಟ್ಲರ್ ಹೆಸರನ್ನು ಹೇಳಿಬಿಟ್ಟದ್ದರಿಂದ ಕಾದಂಬರಿಯ ಗುಟ್ಟನ್ನು ಒಡೆದಂತಾಯಿತೆಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಲೆವಿನ್ ಆ ಗುಟ್ಟನ್ನು ಪುಸ್ತಕದ ಬಹುಭಾಗದವರೆಗೆ ಬಚ್ಚಿಟ್ಟಿದ್ದಾರೆ. ಆದರೆ 1978ರಲ್ಲಿ ಇದು ಸಿನಿಮಾ ಆದ ಮೇಲೆ ಗುಟ್ಟು ಗುಟ್ಟಾಗಿ ಉಳಿದಿಲ್ಲ, ಮತ್ತು ಎಲ್ಲವೂ ಗೊತ್ತಿದ್ದೂ ಓದಿಸಿಕೊಂಡು ಹೋಗುವುದೇ ಈ ಪುಸ್ತಕದ ಕಸುವು. ಕಥೆ ಕೊನೆಗೆ ಎಲ್ಲಿ ಮುಟ್ಟುತ್ತದೆ ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ.

ಕಾದಂಬರಿ 1974ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ, ಬ್ರೆಜಿಲ್‌ನ ಸಾವೊ ಪಾಲೊ ನಗರದ ಜಪಾನಿ ಹೋಟೆಲೊಂದರಲ್ಲಿ ಆರಂಭವಾಗುತ್ತದೆ. ಬಿಳಿ ಉಡುಪಿನ ಒಬ್ಬ ಮರ್ಯಾದಸ್ಥನಂತಹ ಮನುಷ್ಯ ಹಿಟ್ಲರನ ಎಸ್‌ಎಸ್ ಪಡೆಯಲ್ಲಿದ್ದ ಆರು ಮಂದಿಗೆ ಔತಣ ಕೊಡುತ್ತಾನೆ. ಊಟ ಮುಗಿದ ಮೇಲೆ ಅವನು ಹಂಚುವ ಕೆಲಸವಾದರೋ ವಿಚಿತ್ರವಾದದ್ದು: ಮುಂದಿನ ಎರಡೂವರೆ ವರ್ಷಗಳಲ್ಲಿ, ಯುರೋಪು ಮತ್ತು ಉತ್ತರ ಅಮೆರಿಕದ ಹಲವು ದೇಶಗಳಲ್ಲಿ ಚದುರಿಹೋಗಿರುವ 94 ಗಂಡಸರನ್ನು, ಪ್ರತಿಯೊಬ್ಬನಿಗೂ ಗೊತ್ತುಪಡಿಸಿದ ದಿನಾಂಕದ ಆಸುಪಾಸಿನಲ್ಲಿ ಕೊಲ್ಲಬೇಕು. ಆ ಗಂಡಸರು ಯಾರಿಗೂ ಬೇಕಾದವರಲ್ಲ, ಯಾರ ಶತ್ರುಗಳೂ ಅಲ್ಲ. ಅರವತ್ತೈದರ ಹೊಸ್ತಿಲಲ್ಲಿರುವ, ಸಣ್ಣಪುಟ್ಟ ಹುದ್ದೆಗಳಲ್ಲಿ ದುಡಿದು ನಿವೃತ್ತಿಗೆ ಬಂದಿರುವ ಸಾಮಾನ್ಯರು. ಔತಣ ಕೊಟ್ಟವನು ಔಷ್‌ವಿಟ್ಜ್ ಶಿಬಿರದ ವೈದ್ಯ ಯೋಸೆಫ್ ಮೆಂಗೆಲೆ. ಈ ಮಾತುಕತೆಯನ್ನು ಕದ್ದು ಟೇಪ್ ಮಾಡಿಸಿದ ಅಮೆರಿಕದ ಯುವಕನೊಬ್ಬ ವಿಯೆನ್ನಾದಲ್ಲಿರುವ ಯಾಕೊಫ್ ಲೀಬರ್ಮನ್ ಎಂಬ ವೃದ್ಧನಿಗೆ ಫೋನು ಮಾಡಿ, ಅರ್ಧ ವಿಷಯ ಹೇಳುವಷ್ಟರಲ್ಲಿ ಕೊಲೆಯಾಗುತ್ತಾನೆ. ಆ ಅರ್ಧ ಮಾತು ಇಡೀ ಕಾದಂಬರಿಯನ್ನು ಎಳೆದುಕೊಂಡು ಹೋಗುತ್ತದೆ.

ಲೀಬರ್ಮನ್ ಪಾತ್ರವನ್ನು ನಾಜಿ ಅಪರಾಧಿಗಳನ್ನು ಹುಡುಕಿ ನ್ಯಾಯಾಲಯಕ್ಕೆ ಒಪ್ಪಿಸುವುದಕ್ಕೆ ಬದುಕನ್ನೇ ಮೀಸಲಿಟ್ಟ ಸೈಮನ್ ವೀಸೆಂಥಾಲರ ಛಾಯೆಯಲ್ಲಿ ಕಟ್ಟಲಾಗಿದೆ. ಆದರೆ ಲೆವಿನ್ ಅವನನ್ನು ವೀರನನ್ನಾಗಿ ಮಾಡಲು ಹೋಗಿಲ್ಲ. ಅವನ ಕೈಯಲ್ಲಿ ಹಣವಿಲ್ಲ, ದೇಹದಲ್ಲಿ ಶಕ್ತಿಯಿಲ್ಲ, ಅವನು ಹೇಳುವ ಹಳೆಯ ಸಂಕಟವನ್ನು ಕೇಳುವ ವ್ಯವಧಾನ ಜಗತ್ತಿಗೆ ಇಲ್ಲ. ಯುದ್ಧ ಮುಗಿದು ಮೂವತ್ತು ವರ್ಷ ಕಳೆದ ಮೇಲೆ ನೆನಪಿನ ಕೆಲಸ ಮಾಡುವವನ ಒಂಟಿತನ ಹೇಗಿರುತ್ತದೆ ಎಂಬುದನ್ನು ಲೆವಿನ್ ಭಾಷಣವಿಲ್ಲದೆ, ಬರಿಯ ಲೆಕ್ಕಪತ್ರ ಮತ್ತು ರೈಲು ಪ್ರಯಾಣಗಳ ಮೂಲಕ ಕಾಣಿಸುತ್ತಾರೆ. ಕಾದಂಬರಿಯ ನಿಜವಾದ ಸೊಗಸು ಇರುವುದು ಲೀಬರ್ಮನ್ ನಡೆಸುವ ತನಿಖೆಯ ಭಾಗದಲ್ಲಿ. ಅವನಿಗಿರುವ ಮುಖ್ಯ ಸುಳಿವು ವಯಸ್ಸು. ಆ ವಯಸ್ಸಿನವರ ಆಕಸ್ಮಿಕ ಸಾವಿನ ಪತ್ರಿಕಾ ಸುದ್ದಿಗಳನ್ನು ತರಿಸಿಕೊಂಡು, ಒಂದೊಂದೇ ಮನೆಯ ಬಾಗಿಲು ತಟ್ಟಿ, ವಿಧವೆಯರ ಮುಂದೆ ಕುಳಿತು ಪ್ರಶ್ನೆ ಕೇಳುವ ಸನ್ನಿವೇಶಗಳು ಹೊರನೋಟಕ್ಕೆ ಏಕತಾನವಾಗಿದ್ದರೂ, ಒಂದು ದೇಶದಲ್ಲಿ ಬಾಗಿಲು ತೆರೆದ ಹದಿಮೂರರ ಹುಡುಗನೇ ಇನ್ನೊಂದು ದೇಶದಲ್ಲೂ ಬಾಗಿಲು ತೆರೆದಾಗ ಓದುಗನ ಬೆನ್ನಿನಲ್ಲಿ ಚಳಿ ಮೂಡುವುದು ಆ ಏಕತಾನದಿಂದಲೇ. ಅದೇ ಕಪ್ಪು ಕೂದಲು, ಅದೇ ತಿಳಿನೀಲಿ ಕಣ್ಣು, ಅದೇ ಚೂಪು ಮೂಗು, ಅದೇ ಉಡಾಫೆಯ ಮಾತು. ತಾಯಿಯ ಭಾಷೆಯೊಂದೇ ಬೇರೆ.

ಇಲ್ಲಿಂದ ಮುಂದೆ ಲೆವಿನ್ ಕಟ್ಟುವ ತರ್ಕ ಅವರ ನಿಜವಾದ ಸಾಧನೆ. ಯುದ್ಧಕಾಲದಲ್ಲೇ ಹಿಟ್ಲರನ ರಕ್ತ ಮತ್ತು ಚರ್ಮವನ್ನು ತೆಗೆದಿಟ್ಟುಕೊಂಡಿದ್ದ ಮೆಂಗೆಲೆಗೆ, ಕೋಶಕೇಂದ್ರದ ಪ್ರತಿಯೊಂದರಿಂದಲೇ ಹಿಟ್ಲರ್ ಮರಳಿ ಬರುವುದಿಲ್ಲವೆಂಬುದು ಚೆನ್ನಾಗಿ ಗೊತ್ತಿದೆ. ಹಿಟ್ಲರನ ತಂದೆ ಅಲೋಯಿಸ್ ಸುಂಕದ ಇಲಾಖೆಯ ನೌಕರ, ಹೆಂಡತಿಗಿಂತ ಇಪ್ಪತ್ತಮೂರು ವರ್ಷ ಹಿರಿಯ, ಮನೆಯಲ್ಲಿ ದರ್ಪಿಷ್ಠ. ಮಗನಿಗೆ ಹದಿಮೂರು ವರ್ಷವಿದ್ದಾಗ, 1903ರ ಜನವರಿಯಲ್ಲಿ, ತನ್ನ ಅರವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಇಷ್ಟು ಇತಿಹಾಸ. ಮೆಂಗೆಲೆ ತದ್ರೂಪಿ ಶಿಶುಗಳನ್ನು ಅಂಥದೇ ವಯಸ್ಸಿನ ಅಂತರವಿರುವ, ಅಂಥದೇ ನೌಕರಿಯ, ಅಂಥದೇ ಸ್ವಭಾವದ ದಂಪತಿಗಳಿಗೆ ದತ್ತು ಕೊಡಿಸುತ್ತಾನೆ. ಉಳಿದಿರುವುದು ಆ ತಂದೆಯ ಸಾವು. ಅದಕ್ಕಾಗಿಯೇ 94 ಕೊಲೆಗಳು, ಅದಕ್ಕಾಗಿಯೇ ದಿನಾಂಕಗಳು. ಇಷ್ಟೆಲ್ಲ ಮಾಡಿಯೂ 94 ಹುಡುಗರಲ್ಲಿ ಒಬ್ಬಿಬ್ಬರು ಗುರಿ ಮುಟ್ಟಿದರೆ ಸಾಕೆಂಬುದು ಅವನ ಲೆಕ್ಕಾಚಾರ. ವಿಜ್ಞಾನದ ಅಹಂಕಾರವನ್ನು ಕುರಿತ ಕಥೆಯೊಂದರಲ್ಲಿ ಖಳನಾಯಕನೇ ವಿಜ್ಞಾನದ ಮಿತಿಯನ್ನು ಇಷ್ಟು ಸರಿಯಾಗಿ ಬಲ್ಲವನಾಗಿರುವುದು ಅಪರೂಪ.

ಈಗ ಹಿಟ್ಲರನ ಜಾಗದಲ್ಲಿ ಒಬ್ಬ ಆಟಗಾರನನ್ನು ಇಟ್ಟು ನೋಡೋಣ. ಕನ್ನಡದ ಓದುಗರಿಗೆ ಕ್ರಿಕೆಟ್ ಬೌಲರ್ ಬಿ.ಎಸ್. ಚಂದ್ರಶೇಖರ್ ಅವರಿಗಿಂತ ತಕ್ಕ ಉದಾಹರಣೆ ಸಿಗಲಾರದು. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲೇ ಪೋಲಿಯೊ ತಗುಲಿ ಬಲಗೈ ಸೊರಗಿತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದ ಅವರು ಬೌಲಿಂಗ್ ಮಾಡಿದ್ದು ಮಾತ್ರ ಆ ಸೊರಗಿದ ಬಲಗೈಯಿಂದಲೇ. ಲೆಗ್ ಸ್ಪಿನ್ನರನ ಚೆಂಡು ಮಧ್ಯಮ ವೇಗಿಯ ವೇಗದಲ್ಲಿ ಬರುತ್ತಿದ್ದುದಕ್ಕೆ, ಯಾವುದು ಗೂಗ್ಲಿ ಯಾವುದು ಅಲ್ಲ ಎಂಬುದು ಬ್ಯಾಟ್ಸ್‌ಮನ್‌ಗೆ ತಿಳಿಯದೆ ಹೋಗುತ್ತಿದ್ದುದಕ್ಕೆ, ಚಾವಟಿಯಂತೆ ತಿರುಗುತ್ತಿದ್ದ ಆ ತೆಳುವಾದ ಕೈಯೇ ಕಾರಣವೆಂದು ಅವರ ಆಟವನ್ನು ಕಂಡವರು ಹೇಳುತ್ತ ಬಂದಿದ್ದಾರೆ. 58 ಟೆಸ್ಟ್‌ಗಳಲ್ಲಿ 242 ವಿಕೆಟ್, 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಮತ್ತು ಅದರಿಂದ ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ದಕ್ಕಿದ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು. ಇದೆಲ್ಲ ಜೀನಿನಲ್ಲಿ ಬರೆದದ್ದಲ್ಲ, ವೈರಸ್ಸೊಂದು ಎಳೆಯ ಮೈಯ ಮೇಲೆ ಬರೆದದ್ದು, ಮತ್ತು ಆ ಬರಹವನ್ನು ಹುಡುಗನೊಬ್ಬ ತನ್ನ ಹಟದಿಂದ ತಿದ್ದಿ ಬೇರೆಯೇ ಅರ್ಥ ಕೊಟ್ಟದ್ದು.

ಹಾಗಾದರೆ ಚಂದ್ರಶೇಖರ್ ಅವರ ತದ್ರೂಪಿ ಇಂದು ಬೆಂಗಳೂರಿನ ಯಾವುದೋ ಆಸ್ಪತ್ರೆಯಲ್ಲಿ ಹುಟ್ಟಿದನೆಂದು ಭಾವಿಸಿ. ಅವನ ಬಾಯಿಗೆ ಪೋಲಿಯೊ ಹನಿ ಬೀಳುತ್ತದೆ. 1995ರಿಂದ ಪಲ್ಸ್ ಪೋಲಿಯೊ ಅಭಿಯಾನ ನಡೆದು, 2014ರಲ್ಲಿ ಪೋಲಿಯೊ ಮುಕ್ತವೆಂದು ಪ್ರಮಾಣೀಕೃತವಾದ ದೇಶ ಇದು. ಅವನ ಎರಡೂ ಕೈಗಳು ಗಟ್ಟಿಮುಟ್ಟಾಗಿ ಬೆಳೆಯುತ್ತವೆ, ಅವನು ಇಷ್ಟಪಟ್ಟರೆ ಒಳ್ಳೆಯ ಇಂಜಿನಿಯರ್ ಆಗಬಹುದು. ಅವನನ್ನು ಚಂದ್ರಶೇಖರ್ ಮಾಡಲೇಬೇಕೆಂದು ಹಟ ಹಿಡಿದ ಸಂಚುಕೋರ ಏನು ಮಾಡಬೇಕು? ಮಗುವಿಗೆ ಹನಿ ತಪ್ಪಿಸಬೇಕು, ಅಷ್ಟಕ್ಕೂ ಸಾಲದೆ ವೈರಸ್ಸನ್ನು ತಂದು ತಗುಲಿಸಬೇಕು. ಪೋಲಿಯೊ ಸೋಂಕು ತಗುಲಿದವರಲ್ಲಿ ಸುಮಾರು ಇನ್ನೂರಕ್ಕೆ ಒಬ್ಬರಲ್ಲಿ ಮಾತ್ರ ಶಾಶ್ವತ ಪಾರ್ಶ್ವವಾಯು ಉಂಟಾಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಮೆಂಗೆಲೆಯ 94 ಹುಡುಗರ ಲೆಕ್ಕ ಇಲ್ಲಿ ಒಬ್ಬನಿಗೂ ಸಾಲುವುದಿಲ್ಲ. ಒಬ್ಬನಿಗೆ ತಗುಲಿದರೂ ಅದು ಕಾಲಿಗಲ್ಲದೆ ಬಲಗೈಗೇ, ಅದೂ ಚೆಂಡು ಹಿಡಿಯಲಾಗದಷ್ಟು ಅಲ್ಲ, ಹಿಡಿದು ತಿರುಗಿಸಲಾಗುವಷ್ಟೇ ತಗುಲಬೇಕು. ಅದಾದ ಮೇಲೆ ಚೆಂಡು ಬ್ಯಾಟಿನ ಅಂಚು ಸವರಿದಾಗ ಹತ್ತಿರದಲ್ಲೇ ಹಿಡಿಯಲು ಏಕನಾಥ್ ಸೋಲ್ಕರ್ ಅವರಂಥ ಫೀಲ್ಡರನನ್ನು ಯಾರು ಹುಟ್ಟಿಸುತ್ತಾರೆ? ಕ್ರೀಡಾ ದಂತಕತೆಯ ತದ್ರೂಪಿಯ ಕಥೆ ಥ್ರಿಲ್ಲರ್ ಆಗಬೇಕಾದದ್ದು ಇಲ್ಲಿ, ಒಂದು ಮಗುವಿನ ಬಾಲ್ಯವನ್ನು ಯಾರದೋ ಹಳೆಯ ಗಾಯದ ಅಳತೆಗೆ ಕತ್ತರಿಸಲು ಹೊರಟ ಜಾಗದಲ್ಲಿ. ಪ್ರಯೋಗಾಲಯದ ಬಾಗಿಲು ಮುರಿಯುವ ದೃಶ್ಯ ಎಷ್ಟೇ ರೋಚಕವಾಗಿದ್ದರೂ ಅದಕ್ಕೆ ಈ ಭೀಕರತೆ ಬರುವುದಿಲ್ಲ. ಲೆವಿನ್ 1976ರಲ್ಲೇ ಇದನ್ನು ಕಂಡುಕೊಂಡಿದ್ದರು.

ಮನುಷ್ಯರ ವಿಷಯದಲ್ಲಿ ಕಲ್ಪನೆಯಾಗಿ ಉಳಿದದ್ದು ಪ್ರಾಣಿಗಳ ವಿಷಯದಲ್ಲಿ ನಿಜವಾಗಿದೆ, ಮತ್ತು ಅದು ಕಾದಂಬರಿಯ ತರ್ಕಕ್ಕೆ ಎರಡೂ ಕಡೆಯಿಂದ ಸಾಕ್ಷಿ ಹೇಳುತ್ತದೆ. ಕುದುರೆಯೇರಿ ಆಡುವ ಪೋಲೊ ಆಟದ ಅರ್ಜೆಂಟೀನಾದ ಆಟಗಾರ ಅಡಾಲ್ಫೊ ಕಾಂಬಿಯಾಸೊ ತಮ್ಮ ನೆಚ್ಚಿನ ಕುದುರೆ ಐಕೆನ್ ಕುರಾ 2006ರಲ್ಲಿ ಪಂದ್ಯದ ನಡುವೆ ಕಾಲು ಮುರಿದುಕೊಂಡಾಗ, ಅದು ಸಾಯುವ ಮುನ್ನ ಅದರ ಜೀವಕೋಶಗಳನ್ನು ತೆಗೆಸಿಟ್ಟರು. 2010ರಲ್ಲಿ ಅವರ ಮತ್ತೊಂದು ಪ್ರಸಿದ್ಧ ಕುದುರೆ ಕ್ವಾರ್ಟೆಟೆರಾದ ತದ್ರೂಪಿ ಮರಿಯೊಂದು ಹರಾಜಿನಲ್ಲಿ 8 ಲಕ್ಷ ಡಾಲರಿಗೆ ಮಾರಾಟವಾಯಿತು. 2016ರ ಡಿಸೆಂಬರಿನಲ್ಲಿ ಬ್ಯೂನಸ್ ಐರಿಸ್‌ನ ಪಲೆರ್ಮೊ ಮೈದಾನದಲ್ಲಿ ನಡೆದ ಅರ್ಜೆಂಟೀನಾ ಓಪನ್ ಫೈನಲ್‌ನಲ್ಲಿ ಕಾಂಬಿಯಾಸೊ ಅದೇ ಕ್ವಾರ್ಟೆಟೆರಾದ ಆರು ತದ್ರೂಪಿಗಳನ್ನು ಒಂದಾದ ಮೇಲೊಂದರಂತೆ ಏರಿ ಆಡಿ ಗೆದ್ದರು. ಮೇಲುನೋಟಕ್ಕೆ ಇದು ಜೀನಿನ ಗೆಲುವು. ಆದರೆ ಸವಾರ ಅದೇ ಕಾಂಬಿಯಾಸೊ, ಮೈದಾನ ಅದೇ ಪಲೆರ್ಮೊ, ಹುಟ್ಟಿದ್ದು ಒಂದೆರಡಲ್ಲ, ಹತ್ತಕ್ಕೂ ಹೆಚ್ಚು ಮರಿಗಳು. ಮೆಂಗೆಲೆ ಕೊಲೆ ಮಾಡಿಸಿ ಸಾಧಿಸಲು ಹೊರಟ ಪರಿಸರದ ಪುನರಾವರ್ತನೆ ಕುದುರೆಯ ಲಾಯದಲ್ಲಿ ಸಹಜವಾಗಿಯೇ ದೊರೆಯುತ್ತದೆ. ಇನ್ನೊಂದು ಕಡೆಯ ಸಾಕ್ಷಿ ಅಮೆರಿಕದ ಹೇಸರಗತ್ತೆಗಳದು. ಓಟದ ಚಾಂಪಿಯನ್ ಹೇಸರಗತ್ತೆಯ ಒಡಹುಟ್ಟಿನ ಭ್ರೂಣದ ಕೋಶಗಳಿಂದ 2003ರಲ್ಲಿ ಹುಟ್ಟಿದ ತದ್ರೂಪಿಗಳಲ್ಲಿ ಎರಡನ್ನು ಬೇರೆ ಬೇರೆ ತರಬೇತುದಾರರ ಕೈಗೆ ಕೊಟ್ಟು, 2006ರಲ್ಲಿ ನೆವಾಡಾದ ಒಂದೇ ಓಟದಲ್ಲಿ ಬಿಟ್ಟಾಗ ಐಡಹೊ ಜೆಮ್ ಮೂರನೆಯದಾಗಿಯೂ ಐಡಹೊ ಸ್ಟಾರ್ ಏಳನೆಯದಾಗಿಯೂ ಗುರಿ ಮುಟ್ಟಿದವು.

ಕಾದಂಬರಿಯ ವಿಜ್ಞಾನ ಎಷ್ಟು ಗಟ್ಟಿ ಎಂದರೆ, ಅದು ಬರೆದ ಕಾಲಕ್ಕೆ ಆಶ್ಚರ್ಯಪಡುವಷ್ಟು ಗಟ್ಟಿ. ಆಗ ಇದ್ದ ಆಧಾರವೆಂದರೆ ಬ್ರಿಟನ್ನಿನ ಜಾನ್ ಗರ್ಡನ್ 1962ರಲ್ಲಿ ಪ್ರಕಟಿಸಿದ, ಕಪ್ಪೆಗಳ ತದ್ರೂಪಿ ಹುಟ್ಟಿಸಿದ ಪ್ರಯೋಗ. ಬೆಳೆದ ಸಸ್ತನಿಯೊಂದರ ಕೋಶದಿಂದ ಹುಟ್ಟಿದ ಮೊದಲ ಪ್ರಾಣಿ ಡಾಲಿ ಎಂಬ ಕುರಿ ಬಂದದ್ದು 1996ರಲ್ಲಿ, ಅದೂ 277 ಪ್ರಯತ್ನಗಳಲ್ಲಿ ಒಂದು. ಮೆಂಗೆಲೆ ಅರವತ್ತರ ದಶಕದಲ್ಲೇ 94 ಆರೋಗ್ಯವಂತ ಶಿಶುಗಳನ್ನು ಪಡೆದನೆಂಬುದನ್ನು ಓದುಗ ಉದಾರವಾಗಿ ಒಪ್ಪಿಕೊಳ್ಳಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಜೀವಕೋಶಗಳನ್ನು ಹೆಪ್ಪುಗಟ್ಟಿಸಿಯೂ ಜೀವಂತವಾಗಿ ಉಳಿಸಲು ಗ್ಲಿಸರಾಲ್ ಎಂಬ ದ್ರವ ನೆರವಾಗುತ್ತದೆಂದು ಲೋಕಕ್ಕೆ ತಿಳಿದದ್ದು 1949ರಲ್ಲಿ. ಯುದ್ಧಕಾಲದಲ್ಲಿ ತೆಗೆದಿಟ್ಟ ರಕ್ತ ಮತ್ತು ಚರ್ಮ ಎರಡು ದಶಕ ಕೆಡದೆ ಉಳಿದದ್ದು ಹೇಗೆ ಎಂಬ ಪ್ರಶ್ನೆಯನ್ನು ಲೆವಿನ್ ಮೆಲ್ಲಗೆ ದಾಟಿಹೋಗಿದ್ದಾರೆ. ತದ್ರೂಪಿಯೆಂದರೇನೆಂದು ಜೀವವಿಜ್ಞಾನಿಯೊಬ್ಬ ಲೀಬರ್ಮನ್‌ಗೆ ವಿವರಿಸುವ ಅಧ್ಯಾಯ 1976ರ ಓದುಗರಿಗೆ ಅಗತ್ಯವಾಗಿದ್ದಿರಬಹುದು. ಇಂದು ಅದು ತರಗತಿಯ ಪಾಠದಂತೆ ಎಳೆಯುತ್ತದೆ.

ಕೃತಿಯ ದೊಡ್ಡ ದೋಷ ಬೇರೆಡೆ ಇದೆ. ಮೆಂಗೆಲೆ ಕಲ್ಪಿತ ಪಾತ್ರವಲ್ಲ. ಔಷ್‌ವಿಟ್ಜ್‌ನಲ್ಲಿ ಅವಳಿ ಮಕ್ಕಳ ಮೇಲೆ ಕ್ರೂರ ಪ್ರಯೋಗ ನಡೆಸಿದ ನಿಜವಾದ ಮನುಷ್ಯ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳೆಂದರೆ ಪ್ರಕೃತಿಯೇ ಮಾಡಿದ ತದ್ರೂಪಿಗಳಾದ್ದರಿಂದ ಈ ಕಥೆಗೆ ಅವನು ಒಪ್ಪುತ್ತಾನೆ ಎಂಬುದು ನಿಜ. ಕಾದಂಬರಿ ಪ್ರಕಟವಾದಾಗ ಅವನು ಸಾವೊ ಪಾಲೊ ಸುತ್ತಮುತ್ತಲೇ ಬದುಕಿದ್ದ. 1979ರಲ್ಲಿ ಕಡಲಲ್ಲಿ ಮುಳುಗಿ ಸತ್ತ, ಅದು ಜಗತ್ತಿಗೆ ತಿಳಿದದ್ದು 1985ರಲ್ಲಿ. ಅಂಥವನನ್ನು ಲೆವಿನ್ ಸಿಡುಕಿನ, ಒಣ ಠೀವಿಯ, ಕೆಲವೊಮ್ಮೆ ನಗೆ ಬರಿಸುವ ಖಳನಾಗಿ ಚಿತ್ರಿಸುತ್ತಾರೆ. ಆ ನಗೆಯಿಂದ ಓದು ಹಗುರಾಗುತ್ತದೆ, ಆದರೆ ಅವನ ಕೈಯಲ್ಲಿ ಸತ್ತವರ ಭಾರವೂ ಅದರೊಂದಿಗೆ ಹಗುರಾಗುತ್ತದೆ. ನನಗೆ ಇದಕ್ಕಿಂತಲೂ ಚುಚ್ಚಿದ್ದು ಹೆಂಗಸರ ಗೈರುಹಾಜರಿ. ವಿಧವೆಯರಿಗೆ ಒಂದೊಂದು ಪುಟದಲ್ಲೇ ಮುಖ ಕೊಡಬಲ್ಲ ಲೇಖಕ, ಈ ಶಿಶುಗಳನ್ನು ಹೊತ್ತು ಹೆತ್ತ ಬುಡಕಟ್ಟು ಹೆಂಗಸರನ್ನು ಹೆಸರಿಲ್ಲದೆ ದಾಟಿಬಿಡುತ್ತಾರೆ. ಕ್ರೀಡಾ ತದ್ರೂಪಿಯ ಕಥೆ ಬರೆಯುವವರು ಲೆವಿನ್ ಅವರಿಂದ ಕಲಿಯಬಾರದ್ದು ಇದೊಂದನ್ನು, ಏಕೆಂದರೆ ಎಂಥ ಚಾಂಪಿಯನ್ನನ ಪ್ರತಿಯನ್ನೂ ಒಬ್ಬಳು ಒಂಬತ್ತು ತಿಂಗಳು ಹೊರಲೇಬೇಕು.

ಕಥೆಯ ಉತ್ತುಂಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಡಾಬರ್ಮನ್ ನಾಯಿಗಳನ್ನು ಸಾಕುವ ಮನೆಯೊಂದರಲ್ಲಿ ನಡೆಯುತ್ತದೆ. ಬೇಟೆಗಾರ ಮತ್ತು ಬೇಟೆ ಇಬ್ಬರೂ ಅದೇ ಮನೆಗೆ ಬಂದು ಸೇರುವುದು ಸ್ವಲ್ಪ ಅನುಕೂಲಸಿಂಧುವಾಗಿಯೇ ಕಂಡರೂ, ಆ ದೃಶ್ಯದ ಬಿಗಿತಕ್ಕೆ ತಲೆದೂಗದೆ ಇರುವುದು ಕಷ್ಟ. ಅದಾದ ಮೇಲೆ ಬರುವ ಪ್ರಶ್ನೆ ಇನ್ನೂ ಕಠಿಣವಾದದ್ದು: ಏನೂ ತಪ್ಪು ಮಾಡದ, ತಮ್ಮ ಹುಟ್ಟಿನ ಕಥೆಯೇ ಗೊತ್ತಿಲ್ಲದ ಆ ಹುಡುಗರನ್ನು ಏನು ಮಾಡಬೇಕು? ಲೀಬರ್ಮನ್ ಕೊಡುವ ಉತ್ತರವನ್ನು ಒಪ್ಪದ ಪಾತ್ರವೂ ಕಾದಂಬರಿಯಲ್ಲಿದೆ, ಮತ್ತು ಆ ಪಾತ್ರದ ವಾದವನ್ನು ಲೆವಿನ್ ಎಲ್ಲಿಯೂ ಹಗುರವಾಗಿ ಕಂಡಿಲ್ಲ.

ಫ್ರಾಂಕ್ಲಿನ್ ಶಾಫ್ನರ್ ನಿರ್ದೇಶಿಸಿದ ಸಿನಿಮಾದಲ್ಲಿ ಗ್ರೆಗರಿ ಪೆಕ್ ಮೆಂಗೆಲೆಯಾಗಿಯೂ ಲಾರೆನ್ಸ್ ಒಲಿವಿಯೆ ಲೀಬರ್ಮನ್ ಆಗಿಯೂ ನಟಿಸಿದ್ದಾರೆ. ಒಲಿವಿಯೆ ಅವರಿಗೆ ಆಸ್ಕರ್ ನಾಮನಿರ್ದೇಶನವೂ ದೊರೆಯಿತು. ನೋಡಬಹುದಾದ ಚಿತ್ರವೇ, ಆದರೆ ಕಾದಂಬರಿಯ ನಿಧಾನಗತಿಯ ತನಿಖೆಗೆ ಅಲ್ಲಿ ಜಾಗ ಕಡಿಮೆ. ಪುಸ್ತಕ ಸುಮಾರು ಮುನ್ನೂರು ಪುಟಗಳದ್ದು. ಇಂಗ್ಲಿಷು ಸರಳ, ಸಂಭಾಷಣೆ ಚುಟುಕು, ಇಂಗ್ಲಿಷ್ ಕಾದಂಬರಿಗಳ ಅಭ್ಯಾಸವಿಲ್ಲದ ಕನ್ನಡದ ಓದುಗರೂ ಎಲ್ಲಿಯೂ ತೊಡರದೆ ಓದಬಹುದು. ಅಧ್ಯಾಯಕ್ಕೊಂದು ಹೊಡೆದಾಟ ಬೇಕೆನ್ನುವವರಿಗೆ ನಡುವಿನ ನೂರು ಪುಟ ನೀರಸವೆನಿಸಬಹುದು, ಅವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಸಿನಿಮಾವನ್ನು ಈಗಾಗಲೇ ನೋಡಿದವರು ಮಾತ್ರ ಕಥೆ ಗೊತ್ತೆಂದು ಪುಸ್ತಕವನ್ನು ಬದಿಗಿಡಬಾರದು. ಕೊನೆಯ ದೃಶ್ಯ ಕಾದಂಬರಿಯಲ್ಲಿ ಬೇರೆಯೇ ಇದೆ, ಸಿನಿಮಾದ್ದಕ್ಕಿಂತ ಚೆನ್ನಾಗಿಯೂ ಇದೆ.